ಗುಂಡಿ ಅದೇ, ಸ್ವರ ಬೇರೆ!

ವಿಡಿಯೊ ಪಾಠ ನೋಡಿ ಕನ್ಸರ್ಟಿನಾ ಕಲಿಯುತ್ತಿದ್ದೇನೆ ಎಂದು ಹೋದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ವಾದ್ಯ ಗೊತ್ತಿಲ್ಲದವರಿಗೆ ಎರಡು ಮಾತು: ಎರಡು ಕೈಗಳ ನಡುವೆ ಹಿಡಿದು ನುಡಿಸುವ ಪುಟ್ಟ ತಿದಿಯ ವಾದ್ಯ ಇದು, ಹೆಚ್ಚಾಗಿ ಆರು ಮೂಲೆಯದು. ಹಾರ್ಮೋನಿಯಂನಲ್ಲಿ ಇರುವ ಹಾಗೆಯೇ ಒಳಗೆ ಲೋಹದ ರೀಡುಗಳಿರುತ್ತವೆ. ಬಿಳಿ-ಕಪ್ಪು ಕೀಗಳ ಬದಲು ಎರಡೂ ತುದಿಯಲ್ಲಿ ಗುಂಡಿಗಳು. ಇನ್ನು ಪ್ರಶ್ನೆಗಳಿಗೆ ಬರೋಣ.

ಪ್ರಶ್ನೆ: ಆರು ವಾರದಿಂದ ಒಂದೇ ವಿಡಿಯೊ ನೋಡುತ್ತಿದ್ದೇನೆ. ಟೀಚರ್ ಒತ್ತಿದ ಗುಂಡಿಯನ್ನೇ ಒತ್ತುತ್ತೇನೆ, ಆದರೆ ನನಗೆ ಬೇರೆ ಸ್ವರ ಬರುತ್ತದೆ. ವಾದ್ಯ ಕೆಟ್ಟಿದೆಯಾ?

ಕೆಟ್ಟಿರಲಿಕ್ಕಿಲ್ಲ, ಹೆದರಬೇಡಿ. ಮೊದಲು ಹೀಗೆ ಮಾಡಿ ನೋಡಿ. ಯಾವುದಾದರೂ ಒಂದು ಗುಂಡಿ ಒತ್ತಿ ಹಿಡಿದುಕೊಂಡು ತಿದಿ ಎಳೆಯಿರಿ, ಬೆರಳು ತೆಗೆಯದೆ ಹಾಗೇ ಮುಚ್ಚಿ. ಎರಡು ಸಲವೂ ಒಂದೇ ಸ್ವರ ಬಂದರೆ ನಿಮ್ಮದು ಇಂಗ್ಲಿಷ್ ಅಥವಾ ಡ್ಯುಯೆಟ್ ಕನ್ಸರ್ಟಿನಾ. ಬೇರೆ ಬೇರೆ ಬಂದರೆ ಆಂಗ್ಲೊ. ಹೆಸರು ಒಂದೇ, ನೋಡಲೂ ಒಂದೇ ಥರ, ಆದರೆ ನುಡಿಸುವ ಲೆಕ್ಕಕ್ಕೆ ಇವು ಬೇರೆ ಬೇರೆ ವಾದ್ಯಗಳೇ. ಇಂಗ್ಲಿಷ್ ಕನ್ಸರ್ಟಿನಾದ ಪಾಠ ಹಾಕಿಕೊಂಡು ಆಂಗ್ಲೊ ನುಡಿಸಲು ಕೂತರೆ ಆರು ವಾರ ಯಾಕೆ, ಆರು ವರ್ಷ ಆದರೂ ಆ ಸ್ವರ ಬರುವುದಿಲ್ಲ.

ನಿಮ್ಮದು ಆಂಗ್ಲೊ, ಟೀಚರದ್ದೂ ಆಂಗ್ಲೊ ಅಂತಾದರೆ ತಪ್ಪು ಬೆರಳಿನದಲ್ಲ, ತೋಳಿನದು. ಟೀಚರ್ ಎಳೆಯುವಾಗ ನೀವು ಮುಚ್ಚುತ್ತಿದ್ದೀರಿ. 30 ಗುಂಡಿಯ ಸಿ-ಜಿ ಆಂಗ್ಲೊ ಕೈಗೆ ತೆಗೆದುಕೊಳ್ಳಿ. ಒಂದೊಂದು ಕೈಗೆ ಮೂರು ಸಾಲು ಗುಂಡಿ, ನಡುಸಾಲು ಸಿ ಶ್ರುತಿಯದು, ಒಳಸಾಲು ಜಿ ಶ್ರುತಿಯದು; ಇಲ್ಲಿ ಸಿಯನ್ನೇ ಸ ಅಂದುಕೊಳ್ಳಿ. ಎಡಗೈಯ ನಡುಸಾಲು, ಕಿರುಬೆರಳಿನ ಕಡೆಯಿಂದ ಮೂರನೇ ಗುಂಡಿ. ಮುಚ್ಚಿದರೆ ಸ, ಎಳೆದರೆ ರಿ. ನಾಲ್ಕನೆಯದು ಮುಚ್ಚಿದರೆ ಗ, ಎಳೆದರೆ ಮ. ಐದನೆಯದು ಮುಚ್ಚಿದರೆ ಪ, ಎಳೆದರೆ ದ. ಇಲ್ಲಿಗೆ ಎಡಗೈಯ ಸಾಲು ಮುಗಿಯಿತು. ಬಲಗೈಯ ಮೊದಲ ಗುಂಡಿಗೆ ಬಂದ ತಕ್ಷಣ ಲೆಕ್ಕ ತಿರುಗುತ್ತದೆ. ಅಲ್ಲಿ ಎಳೆದರೆ ನಿ, ಮುಚ್ಚಿದರೆ ಮೇಲಿನ ಸ. ಅಂದರೆ ದ, ನಿ ಎರಡನ್ನೂ ಬೆನ್ನುಬೆನ್ನಿಗೆ ಎಳೆತದಲ್ಲೇ ನುಡಿಸಬೇಕು. ಮುಚ್ಚು-ಎಳೆ, ಮುಚ್ಚು-ಎಳೆ ಎಂದು ಅಲ್ಲಿಯವರೆಗೆ ಲಯಕ್ಕೆ ಬಿದ್ದ ತೋಳು ಸರಿಯಾಗಿ ಇಲ್ಲೇ ಎಡವುತ್ತದೆ. ನಾನೂ ಎಡವಿದ್ದೆ, ಈಗಲೂ ಸುಸ್ತಾದಾಗ ಎಡವುತ್ತೇನೆ. ಮೌತ್ ಆರ್ಗನ್ ನುಡಿಸಿ ಗೊತ್ತಿದ್ದವರಿಗೆ ಇದು ಹೊಸದಲ್ಲ, ಅಲ್ಲೂ ಊದು-ಎಳೆ ಇದೇ ಕ್ರಮದಲ್ಲಿದೆ, ದ-ನಿ ಹತ್ತಿರ ಹೀಗೇ ತಿರುಗುತ್ತದೆ.

ಕ್ಯಾಮೆರಾದವರು ಬೆರಳುಗಳನ್ನು ಹತ್ತಿರದಿಂದ ತೋರಿಸುತ್ತಾರೆ, ತಿದಿ ಚೌಕಟ್ಟಿನ ಆಚೆ ಉಳಿಯುತ್ತದೆ. ವಿಡಿಯೊ ಪಾಠಗಳ ಬಗ್ಗೆ ನನ್ನ ದೊಡ್ಡ ತಕರಾರೇ ಇದು. ಪಾಠ ಆರಿಸುವಾಗ ತಿದಿ ಪೂರ್ತಿ ಕಾಣುತ್ತದಾ ನೋಡಿ. ಇಲ್ಲದಿದ್ದರೆ ಟೀಚರ್ ಎಷ್ಟೇ ಒಳ್ಳೆಯವರಾಗಿರಲಿ, ಮುಂದಿನ ವಿಡಿಯೊಗೆ ಹೋಗಿ. ಇನ್ನೊಂದು ಮಾತು, ಟೀಚರ್ ನಿಮಗೆ ಎದುರಾಗಿ ಕೂತಿರುತ್ತಾರೆ, ಹಾಗಾಗಿ ಅವರ ಎಡಗೈ ನಿಮ್ಮ ಬಲಕ್ಕೆ ಕಾಣುತ್ತದೆ. ಕನ್ನಡಿಯಲ್ಲಿ ನೋಡಿದಂತೆ ಅನುಕರಿಸಿದರೆ ಕೈಗಳೇ ಅದಲುಬದಲಾಗುತ್ತವೆ.

ಪ್ರಶ್ನೆ: ಇನ್ನೂ ಕೊಂಡಿಲ್ಲ. ಇಂಗ್ಲಿಷ್ ತಗೊಳ್ಳಲಾ, ಆಂಗ್ಲೊ ತಗೊಳ್ಳಲಾ? ಒಂದೇ ವಾದ್ಯಕ್ಕೆ ಇಷ್ಟು ಜಾತಿ ಯಾಕೆ?

ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿದ್ದರಿಂದ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೀಟ್‌ಸ್ಟನ್ 1829ರಲ್ಲಿ ಒಂದು ಪುಟ್ಟ ಊದುವ ವಾದ್ಯಕ್ಕೆ ಪೇಟೆಂಟ್ ಪಡೆದರು. ಅದರ ಗುಂಡಿಗಳ ಜೋಡಣೆಯೇ ಬೆಳೆದು ಇಂಗ್ಲಿಷ್ ಕನ್ಸರ್ಟಿನಾ ಆಯಿತು. ಹೌದು, ಭೌತಶಾಸ್ತ್ರದ ಲ್ಯಾಬಿನಲ್ಲಿ ನಮ್ಮನ್ನು ಕಾಡಿದ ವೀಟ್‌ಸ್ಟನ್ ಬ್ರಿಜ್‌ಗೆ ಇವರದ್ದೇ ಹೆಸರು! ಇತ್ತ ಜರ್ಮನಿಯ ಕೆಮ್ನಿಟ್ಸ್ ಊರಿನಲ್ಲಿ ಕಾರ್ಲ್ ಫ್ರೀಡ್ರಿಕ್ ಉಲಿಗ್ 1834ರಲ್ಲಿ ಎಳೆದರೊಂದು, ಮುಚ್ಚಿದರೊಂದು ಸ್ವರ ಬರುವ ವಾದ್ಯ ಮಾಡಿದರು. ಆ ಜರ್ಮನ್ ಪದ್ಧತಿಯನ್ನು ಇಂಗ್ಲಿಷ್ ತಯಾರಕರು ತಮ್ಮ ಆರು ಮೂಲೆಯ ಪೆಟ್ಟಿಗೆಗೆ ಹಾಕಿದಾಗ ಬಂದದ್ದು ಆಂಗ್ಲೊ. ಟ್ಯಾಂಗೊ ಸಂಗೀತದ ಬ್ಯಾಂಡೋನಿಯನ್ ಕೂಡ ಆ ಜರ್ಮನ್ ವಂಶದ್ದೇ. ಡ್ಯುಯೆಟ್ ಮೂರನೆಯದು. ಅದರಲ್ಲಿ ಕೆಳಗಿನ ಸ್ವರಗಳು ಎಡಗೈಗೆ, ಮೇಲಿನವು ಬಲಗೈಗೆ, ಮತ್ತು ಎರಡೂ ದಿಕ್ಕಿಗೆ ಒಂದೇ ಸ್ವರ. ಅದಕ್ಕೆ ಪಾಠಗಳು ಸಿಗುವುದು ಕಡಿಮೆ.

ಯಾವುದು ಕೊಳ್ಳಬೇಕು ಅನ್ನುವುದನ್ನು ವಾದ್ಯ ನೋಡಿ ತೀರ್ಮಾನಿಸಬೇಡಿ, ನಿಮಗೆ ಯಾವ ಸಂಗೀತ ಇಷ್ಟ ನೋಡಿ. ಐರ್ಲೆಂಡಿನ ಕುಣಿತದ ಹಾಡು ಕೇಳಿ ಮನಸೋತಿದ್ದೀರಾದರೆ ಕಣ್ಣುಮುಚ್ಚಿ 30 ಗುಂಡಿಯ ಸಿ-ಜಿ ಆಂಗ್ಲೊ ತಗೊಳ್ಳಿ, ಅಲ್ಲಿಯ ಕ್ಲೇರ್ ಕೌಂಟಿಯಲ್ಲಿ ಅದು ಮನೆಮಾತು, ಪಾಠಗಳೂ ಜಾಸ್ತಿ. ನೋಟೇಷನ್ ಓದಿ ಎಲ್ಲ ಥರದ ಸಂಗೀತ ನುಡಿಸುವ ಆಸೆ ಇದ್ದರೆ ಇಂಗ್ಲಿಷ್ ಒಳ್ಳೆಯದು. ಅದರಲ್ಲಿ ಒಂದು ಸ್ವರ ಈ ಕೈಗೆ, ಮುಂದಿನದು ಆ ಕೈಗೆ, ಹಾಗೇ ಬದಲಾಗುತ್ತ ಹೋಗುತ್ತದೆ. 20 ಗುಂಡಿಯ ಆಂಗ್ಲೊ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅದರಲ್ಲಿ ಅರ್ಧಸ್ವರಗಳ ಸಾಲೇ ಇಲ್ಲ. ಸ್ವಲ್ಪ ದಿನದಲ್ಲಿ ಗೋಡೆಗೆ ತಲೆ ತಾಗುತ್ತದೆ.

ಪ್ರಶ್ನೆ: ಹಾಡಿನ ನಡುವೆ ಗಾಳಿ ಖಾಲಿ ಆಗುತ್ತದೆ. ಇಲ್ಲವೇ ತಿದಿ ಪೂರ್ತಿ ಬಿಚ್ಚಿಕೊಂಡು ಮುಂದೆ ಎಳೆಯಲು ಜಾಗವೇ ಇರುವುದಿಲ್ಲ. ಟೀಚರಿಗೆ ಮಾತ್ರ ಹಾಗಾಗುವುದೇ ಇಲ್ಲ, ಏನು ಗುಟ್ಟು?

ನಿಮ್ಮದು ಆಂಗ್ಲೊ ಆದರೆ ಗುಟ್ಟು ಬಲಗೈ ಹೆಬ್ಬೆರಳಿನ ಹತ್ತಿರ ಇದೆ. ಅಲ್ಲೊಂದು ಒಂಟಿ ಗುಂಡಿ ಇರುತ್ತದೆ. ಒತ್ತಿದರೆ ಸ್ವರ ಬರುವುದಿಲ್ಲ, ಸುಮ್ನೆ ಗಾಳಿ ಹೋಗುತ್ತದೆ. ಹೊಸಬರು ಅದನ್ನು ನುಡಿಸಿ ಮುಗಿದ ಮೇಲೆ ತಿದಿ ಮುಚ್ಚಲಷ್ಟೇ ಬಳಸುತ್ತಾರೆ. ನುರಿತವರು ಹಾಡಿನ ಒಳಗೇ ಬಳಸುತ್ತಾರೆ, ಸ್ವರ ನುಡಿಯುತ್ತಿರುವಾಗಲೇ ಚೂರು ಒತ್ತಿ, ತಿದಿಯನ್ನು ಬೇಕಾದಲ್ಲಿಗೆ ತಂದು ಬಿಟ್ಟುಬಿಡುತ್ತಾರೆ. ಎಷ್ಟು ಚಿಕ್ಕ ಒತ್ತು ಅಂದರೆ ವಿಡಿಯೊದಲ್ಲಿ ಕಾಣುವುದೇ ಇಲ್ಲ, ಇಯರ್‌ಫೋನ್ ಹಾಕಿಕೊಂಡರೆ ಮಾತ್ರ 'ಹುಸ್' ಎಂದು ಕೇಳುತ್ತದೆ. ನನಗೆ ಇದು ತಿಳಿದದ್ದು ನಾಲ್ಕು ತಿಂಗಳಾದ ಮೇಲೆ, ಅದೂ ಸ್ಕ್ರೀನ್ ಆಫ್ ಮಾಡಿ ಬರೀ ಶಬ್ದ ಕೇಳುತ್ತ ಕೂತಾಗ.

ಎರಡನೇ ದಾರಿ ಇನ್ನೂ ಚೆಂದ. ನಡುಸಾಲಿನಲ್ಲಿ ರಿ ಬರುವುದು ಎಳೆತದಲ್ಲಿ, ಅಲ್ವಾ? ಅದೇ ರಿ ಒಳಸಾಲಿನಲ್ಲಿ, ಅಂದರೆ ಅಂಗೈಗೆ ಹತ್ತಿರದ ಸಾಲಿನಲ್ಲಿ, ಮುಚ್ಚುವಾಗಲೂ ಸಿಗುತ್ತದೆ. ಹೊರಸಾಲಿನಲ್ಲಿ ಎಡಗೈಗೆ ಒಂದು ಗುಂಡಿ ಇದೆ, ಅದು ಪ ಮತ್ತು ದಗಳನ್ನು ತಿರುವುಮುರುವು ಮಾಡಿ ಕೊಡುತ್ತದೆ, ಮುಚ್ಚಿದರೆ ದ, ಎಳೆದರೆ ಪ. ಹೀಗೆ ಒಂದೇ ಸ್ವರಕ್ಕೆ ಎರಡು ದಾರಿ ಇರುವುದರಿಂದ, ಗಾಳಿ ಎಷ್ಟಿದೆ ನೋಡಿಕೊಂಡು ಯಾವ ದಿಕ್ಕು ಬೇಕೋ ಆ ದಿಕ್ಕಿನ ಗುಂಡಿ ಆರಿಸಬಹುದು. 'ಟೀಚರ್ ಒಂದು ಸಲ ಈ ಗುಂಡಿ ಒತ್ತುತ್ತಾರೆ, ಇನ್ನೊಂದು ಸಲ ಆ ಗುಂಡಿ, ಅವರಿಗೇ ಖಚಿತ ಇಲ್ಲ' ಎಂದು ಇನ್ನೊಬ್ಬ ಓದುಗರು ಸಿಟ್ಟಾಗಿ ಬರೆದಿದ್ದಾರೆ. ಅವರಿಗೆ ಖಚಿತ ಇದೆ ಸ್ವಾಮಿ, ಅವರು ಗಾಳಿಯ ಲೆಕ್ಕ ಹಾಕುತ್ತಿದ್ದಾರೆ.

ಕೂರುವ ರೀತಿಯನ್ನೂ ಗಮನಿಸಿ. ವಾದ್ಯದ ಒಂದು ತುದಿಯ ಮರವನ್ನು ತೊಡೆಯ ಮೇಲೆ ಊರಿ ಅದನ್ನು ಅಲ್ಲಾಡಿಸದೆ ಇನ್ನೊಂದು ಕೈ ಮಾತ್ರ ಆಡಿಸಿ. ಎರಡೂ ಕೈ ಆಡಿಸಿದರೆ ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ. ತಿದಿಯ ಮಡಿಕೆ ಬಟ್ಟೆಗೆ ಉಜ್ಜದಿರಲಿ, ಮೂಲೆ ಸವೆದು ಗಾಳಿ ಸೋರುತ್ತದೆ. ಗುಂಡಿ ಒತ್ತದೆ ತಿದಿಯನ್ನು ಬಲವಂತವಾಗಿ ಎಳೆಯುವುದು ಬೇಡವೇ ಬೇಡ.

ಪ್ರಶ್ನೆ: ವಿಡಿಯೊದ ವೇಗ ಅರ್ಧಕ್ಕೆ ಇಳಿಸಿ ಕಲಿಯುವುದು ಸರಿಯಾ?

ಬೆರಳು ನೋಡಲು ಸರಿ, ಲಯ ಕಲಿಯಲು ಅಲ್ಲ. ಅರ್ಧ ವೇಗದಲ್ಲಿ ಶ್ರುತಿ ಹಾಗೇ ಉಳಿದರೂ ರೀಡಿನ ಶಬ್ದ ನೀರೊಳಗಿನಿಂದ ಬಂದ ಹಾಗಿರುತ್ತದೆ. ನಾನು 0.75ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಅದರ ಬದಲು ಚಿಕ್ಕ ತುಂಡು ಆರಿಸುತ್ತೇನೆ. ನಾಲ್ಕೇ ಸೆಕೆಂಡಿನ ತುಂಡು, ಬಾಯಲ್ಲಿ ಹಾಡಲು ಬರುವವರೆಗೆ ಕೇಳಿ, ಆಮೇಲೆ ವಾದ್ಯ ಎತ್ತಿಕೊಳ್ಳಿ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ನೋಡುವವರು ವಿಡಿಯೊ ನಿಲ್ಲಿಸಿ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀ ಒತ್ತಿದರೆ ಒಂದೊಂದೇ ಚಿತ್ರವಾಗಿ ಹಿಂದೆ ಮುಂದೆ ಸರಿಯುತ್ತದೆ. ತಿದಿ ಯಾವ ಕ್ಷಣದಲ್ಲಿ ದಿಕ್ಕು ಬದಲಿಸಿತು ಎಂದು ಕಂಡುಹಿಡಿಯಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ.

ಪ್ರಶ್ನೆ: ನೋಟೇಷನ್ ಓದಲು ಬರುವುದಿಲ್ಲ. ತೊಂದರೆಯಾ?

ಆಂಗ್ಲೊಗೆ ತೊಂದರೆ ಇಲ್ಲ, ಐರಿಷ್ ಹಾಡುಗಳನ್ನು ಕಿವಿಯಿಂದಲೇ ಕಲಿಸುತ್ತಾರೆ. ಗುಂಡಿಗಳ ಸಂಖ್ಯೆ ಬರೆದ ಹಾಳೆಗಳು ಸಿಗುತ್ತವೆ. ಆದರೆ ಒಬ್ಬೊಬ್ಬರು ಒಂದೊಂದು ಥರ ಎಣಿಸುತ್ತಾರೆ, ಎಣಿಕೆ ಎಲ್ಲಿಂದ ಶುರು ಅಂತ ಮೊದಲು ನೋಡಿಕೊಳ್ಳಿ. 30 ಗುಂಡಿಯ ಆಂಗ್ಲೊದಲ್ಲೂ ತಯಾರಕರ ಹೆಸರಿನ ವೀಟ್‌ಸ್ಟನ್ ಜೋಡಣೆ, ಜೆಫ್ರೀಸ್ ಜೋಡಣೆ ಎಂದು ಎರಡಿವೆ, ಬಲಗೈಯ ಹೊರಸಾಲಿನಲ್ಲಿ ವ್ಯತ್ಯಾಸ ಇದೆ.

ಪ್ರಶ್ನೆ: ಲೈವ್ ಕ್ಲಾಸಿಗೆ ಸೇರಿದ್ದೇನೆ. ನಾನು ಉದ್ದ ಸ್ವರ ಹಿಡಿದರೆ ಅರ್ಧಕ್ಕೇ ಕೇಳಿಸುವುದು ನಿಲ್ಲುತ್ತದೆ ಎಂದು ಗುರುಗಳು ಹೇಳುತ್ತಾರೆ.

ಮೀಟಿಂಗ್ ಆ್ಯಪ್‌ಗಳನ್ನು ಮಾಡಿರುವುದು ಮಾತಿಗೆ. ಒಂದೇ ಸಮ ಬರುವ ಶಬ್ದವನ್ನು ಅದು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಗದ್ದಲ ತಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ. ಜೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತಲೇ ಒಂದು ಆಯ್ಕೆ ಇದೆ, ಅದನ್ನು ಆನ್ ಮಾಡಿ. ಇನ್ನು ಗುರುಗಳ ಜೊತೆ ಒಟ್ಟಿಗೆ ನುಡಿಸುವ ಆಸೆ ಬಿಡಿ, ಶಬ್ದ ತಲುಪುವಷ್ಟರಲ್ಲಿ ತಾಳ ಹಿಂದೆ ಬಿದ್ದಿರುತ್ತದೆ. ಅವರು ನುಡಿಸಲಿ, ನಿಮ್ಮ ಮೈಕ್ ಮ್ಯೂಟ್ ಇರಲಿ.

ಪ್ರಶ್ನೆ: ಹಳೆಯ ಕನ್ಸರ್ಟಿನಾ ಒಂದು ಮಾರಾಟಕ್ಕಿದೆ. ಏನು ನೋಡಿ ಕೊಳ್ಳಬೇಕು?

ನಾನು ಮೋಸಹೋದ ಕಥೆ ಹೇಳುತ್ತೇನೆ. ಮಾರಿದವರು 'ಶ್ರುತಿ ಮಾಡಿಸಿದ್ದು, ಹೊಸದರ ಹಾಗಿದೆ' ಅಂದರು. ಒಂದೊಂದು ಗುಂಡಿಯನ್ನೂ ಒತ್ತಿ ಕೇಳಿದೆ, ಎಲ್ಲ ಚೆನ್ನಾಗಿ ನುಡಿಯಿತು, ದುಡ್ಡು ಕೊಟ್ಟೆ. ಮನೆಗೆ ತಂದು ಒಂದು ಇಡೀ ಹಾಡು ನುಡಿಸಲು ಹೋದರೆ ಎರಡು ಸಾಲಿಗೆ ಗಾಳಿ ಮುಗಿಯುತ್ತಿತ್ತು. ನೋಡಬೇಕಿದ್ದದ್ದು ಇಷ್ಟೇ: ಒಂದು ತುದಿಯ ಪಟ್ಟಿ ಹಿಡಿದು, ಯಾವ ಗುಂಡಿಯನ್ನೂ ಒತ್ತದೆ, ಇನ್ನೊಂದು ತುದಿಯನ್ನು ಕೆಳಗೆ ಕೈಯಿಂದ ಆಧಾರ ಕೊಟ್ಟು ನಿಧಾನ ಬಿಡಬೇಕು. ಒಳ್ಳೆಯ ತಿದಿ ತುಂಬ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ನನ್ನದು ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯಿತು. ಆಮೇಲೆ ಪ್ರತಿ ಗುಂಡಿಯನ್ನೂ ಎರಡೂ ದಿಕ್ಕಿಗೆ ಕೇಳಿ, ಎಳೆದಾಗ ನುಡಿದು ಮುಚ್ಚಿದಾಗ ಮೂಕಾಗುವುದುಂಟು. ಕೆಲವು ಸಲ ಅದು ರೀಡಿಗೆ ಸಿಕ್ಕಿಕೊಂಡ ಒಂದು ನೂಲೆಳೆ, ಅಷ್ಟೇ.

ಪ್ರಶ್ನೆ: ಮನೆಯವರಿಗೆ ಕಿರಿಕಿರಿ ಆಗುತ್ತಿದೆ. ರಾತ್ರಿ ಹೇಗೆ ಅಭ್ಯಾಸ ಮಾಡಲಿ?

ಇದಕ್ಕೆ ವಾಲ್ಯೂಮ್ ಇಲ್ಲ. ತಿದಿ ಮೆಲ್ಲಗೆ ಒತ್ತಿದರೆ ಶಬ್ದ ತಗ್ಗುತ್ತದೆ, ನಿಲ್ಲುವುದಿಲ್ಲ. ನಾನು ಮಾಡುವುದು ಇಷ್ಟು: ರಾತ್ರಿ ಸ್ವರದ ಗುಂಡಿ ಮುಟ್ಟುವುದೇ ಇಲ್ಲ. ಹೆಬ್ಬೆರಳಿನಲ್ಲಿ ಗಾಳಿ ಗುಂಡಿ ಒತ್ತಿ ಹಿಡಿದು, ಮನಸ್ಸಿನಲ್ಲೇ ಹಾಡು ಹಾಡಿಕೊಂಡು, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಎಲ್ಲಿ ಮುಚ್ಚಬೇಕೋ ಅಲ್ಲಿ ಮುಚ್ಚುತ್ತೇನೆ. ಪಕ್ಕದಲ್ಲಿ ಯಾರೋ ಮಲಗಿ ಉಸಿರಾಡುವಷ್ಟೇ ಸದ್ದು. ದ-ನಿ ಹತ್ತಿರ ತೋಳು ಎಡವಿದರೆ ಆ ಉಸಿರಿನಲ್ಲೂ ಗೊತ್ತಾಗುತ್ತದೆ.