ಏಪ್ರಿಲ್ ಕೊನೆಯಲ್ಲಿ ಕಾರಿನಲ್ಲಿ ಕೊಡಗು, ಕಾಸರಗೋಡು ಸುತ್ತಲು ಬಟ್ಟೆ ಏನೇನು ತರಬೇಕು?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ಹೊರಟು ಮಡಿಕೇರಿ, ತಲಕಾವೇರಿ ನೋಡಿಕೊಂಡು, ಕರಿಕೆ ದಾರಿಯಲ್ಲಿ ಘಟ್ಟ ಇಳಿದು ರಾಣಿಪುರದ ಬೆಟ್ಟ, ಬೇಕಲ ಕೋಟೆ, ಮಧೂರು ಮತ್ತು ಅನಂತಪುರದ ದೇವಸ್ಥಾನ. ಎಂಟು ದಿನ. ನೀವಿಬ್ಬರು, ಒಂಬತ್ತು ವರ್ಷದ ಮಗಳು, ಸೀರೆಯನ್ನೇ ಉಡುವ ನಿಮ್ಮ ಅತ್ತೆ. ಕಾರಿನ ಡಿಕ್ಕಿ ಸಣ್ಣದು. ದಿನಕ್ಕೊಂದು ಜೊತೆ ಜೀನ್ಸ್, ಟೀ ಶರ್ಟ್ ಅಂತ ಎಂಟೆಂಟು ತರಬೇಕಾ, ಕಡಿಮೆಯಲ್ಲಿ ಆಗುತ್ತದಾ?

ಆಗುತ್ತದೆ. ನನ್ನ ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಬರುವ ನೆಂಟರು ಎರಡನೇ ದಿನಕ್ಕೇ ಸೂಟ್‌ಕೇಸಿನಲ್ಲಿ ಹಾಕುವಂಥದ್ದು ಏನೂ ಇಲ್ಲ ಅಂತ ಕೂರುವುದನ್ನು ಪ್ರತಿ ವರ್ಷ ನೋಡುತ್ತೇನೆ. ಸೂಟ್‌ಕೇಸ್ ತುಂಬಾ ಬಟ್ಟೆ ಇರುತ್ತದೆ, ಆದರೆ ಯಾವುದೂ ಈ ಊರಿನ ಸೆಕೆಗೆ ಆಗುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದು: ಒಳಗೆ ಹಾಕುವುದನ್ನು ಜಾಸ್ತಿ ತನ್ನಿ, ಹೊರಗೆ ಹಾಕುವುದನ್ನು ಕಡಿಮೆ ತನ್ನಿ.

ಯಾಕೆಂದರೆ ಇಲ್ಲಿ ತೊಂದರೆ ಕೊಡುವುದು ಬಿಸಿಲಲ್ಲ, ಬೆವರು. ಏಪ್ರಿಲ್‌ನಲ್ಲಿ ಬೆಂಗಳೂರೂ 35 ಡಿಗ್ರಿ ಮುಟ್ಟುತ್ತದೆ, ನಮ್ಮಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅಲ್ಲಿ ಗಾಳಿ ಒಣಗಿರುತ್ತದೆ, ಬೆವರು ಬಂದ ಹಾಗೇ ಆರಿ ಮೈ ತಂಪಾಗುತ್ತದೆ. ಇಲ್ಲಿ ಕಡಲ ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿರುತ್ತದೆ. ಬೆವರು ಆರುವುದೇ ಇಲ್ಲ, ಇಳಿಯುತ್ತಲೇ ಇರುತ್ತದೆ. ರಾತ್ರಿಯೂ 25ಕ್ಕಿಂತ ಕೆಳಗೆ ಬರುವುದು ಅಪರೂಪ. ಇದೇ ಕಾರಣಕ್ಕೆ ಒಗೆದ ಬಟ್ಟೆ ಕೂಡ ಬೇಗ ಒಣಗುವುದಿಲ್ಲ.

ಹಾಗಾಗಿ ಮೊದಲು ಜೀನ್ಸ್ ಬಿಡಿ. ಸಾಧಾರಣ ಜೀನ್ಸ್ ಬಟ್ಟೆ ಒಂದು ಚದರ ಮೀಟರಿಗೆ 400 ಗ್ರಾಂ ತೂಗುತ್ತದೆ. ತೆಳು ಹತ್ತಿ ಅಂಗಿಯ ಬಟ್ಟೆ 120 ಗ್ರಾಂ ಆಸುಪಾಸು, ಮಲ್‌ಮಲ್ ಇನ್ನೂ ಕಡಿಮೆ. ಒದ್ದೆಯಾದ ಜೀನ್ಸ್ ಇಲ್ಲಿ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ. ಬೆವರಿದ ಜೀನ್ಸ್ ಹಾಕಿಕೊಂಡು ಗಂಟೆಗಟ್ಟಲೆ ಕಾರಿನಲ್ಲಿ ಕೂತರೆ ತೊಡೆಸಂದಿಯಲ್ಲಿ ಉರಿ, ಬೆವರುಸಾಲೆ, ಆಮೇಲೆ ಹುಳುಕಡ್ಡಿ. ಅದು ಒಮ್ಮೆ ಹತ್ತಿದರೆ ಬಿಡಿಸಿಕೊಳ್ಳಲು ವಾರಗಟ್ಟಲೆ ಬೇಕು. ಮಕ್ಕಳಿಗಂತೂ ಖಂಡಿತ ಬೇಡ.

ಪಾಲಿಯೆಸ್ಟರ್ ಆಟದ ಟೀ ಶರ್ಟ್ ಬೇಗ ಒಣಗುತ್ತದೆ ಅಲ್ವಾ ಅಂತ ಕೇಳಬಹುದು. ನಿಜ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. 0.4 ಮಾತ್ರ. ಆದರೆ ಅದೇ ಕಾರಣಕ್ಕೆ ಬೆವರನ್ನು ಹೀರದೆ ಮೈಮೇಲೇ ಬಿಡುತ್ತದೆ, ಸಂಜೆಯೊಳಗೆ ವಾಸನೆಯೂ ಬರುತ್ತದೆ. ರಾಣಿಪುರ ಹತ್ತುವ ದಿನಕ್ಕೆ ಒಂದು ಇರಲಿ. ಉಳಿದದ್ದೆಲ್ಲ ತೆಳು ಹತ್ತಿ, ಸಡಿಲ ಹೊಲಿಗೆ.

ಇನ್ನು ಲೆಕ್ಕ. ನಿಮಗೆ ನಾಲ್ಕು ಹತ್ತಿ ಅಂಗಿ ಸಾಕು, ಅದರಲ್ಲಿ ಎರಡಾದರೂ ತುಂಬು ತೋಳಿನದ್ದು. ಕಾರು ಓಡಿಸುವವರ ಬಲಗೈ ಕಿಟಕಿ ಪಕ್ಕದ ಬಿಸಿಲಿಗೆ ಕಪ್ಪಾಗುತ್ತದೆ, ಗಾಜು ಏರಿಸಿದ್ದರೂ ಅಷ್ಟೇ. ತೆಳು ಕಾಟನ್ ಪ್ಯಾಂಟ್ ಎರಡು. ಬನಿಯನ್ ಮಾತ್ರ ಆರು ತನ್ನಿ. ಸೆಕೆಗೆ ಬನಿಯನ್ ಯಾಕೆ ಅನ್ನಿಸುತ್ತದೆ. ಆದರೆ ಬೆವರನ್ನು ಕುಡಿಯುವುದು ಅದೇ. ಮಧ್ಯಾಹ್ನ ಊಟಕ್ಕೆ ನಿಂತಲ್ಲಿ ಮುಖ ತೊಳೆದು, ಮೈ ಒರೆಸಿ, ಬನಿಯನ್ ಬದಲಾಯಿಸಿ ಅದೇ ಅಂಗಿ ಹಾಕಿಕೊಳ್ಳಿ. ಅಂಗಿ ಇನ್ನೊಂದು ದಿನ ಬರುತ್ತದೆ.

ನಿಮ್ಮ ಮನೆಯವರಿಗೂ ಇದೇ ಲೆಕ್ಕ. ನಾಲ್ಕು ಕಾಟನ್ ಕುರ್ತಾ, ಎರಡು ಸಡಿಲ ಪ್ಯಾಂಟ್, ಮೈಗಂಟುವ ಲೆಗ್ಗಿಂಗ್ಸ್ ಬೇಡ. ಪ್ಯಾಂಟಿನ ಬಣ್ಣ ನಾಲ್ಕೂ ಕುರ್ತಾಕ್ಕೆ ಹೊಂದುವಂತಿರಲಿ, ಆಗ ಎಂಟು ಜೊತೆ ಆಯಿತು. ದೊಡ್ಡ ತೆಳು ಶಾಲು ಎರಡು. ಕಾರಿನ ಎ.ಸಿ.ಗೆ ಮಗಳಿಗೆ ಹೊದಿಸಲು, ಬಿಸಿಲಿಗೆ ತಲೆಗೆ ಹಾಕಲು, ದೇವಸ್ಥಾನದಲ್ಲಿ ಹೆಗಲಿಗೆ, ಎಲ್ಲಕ್ಕೂ ಅದೇ.

ಅತ್ತೆಯವರಿಗೆ ವಾಯಿಲ್, ಅಂದರೆ ತೆಳು ಹತ್ತಿಯ ಸೀರೆ. ಒಗೆದು ಕೊಡವಿ ಹಾಕಿದರೆ ಫ್ಯಾನಿನ ಕೆಳಗೇ ಒಣಗುತ್ತದೆ. ಮೂರು ಸೀರೆ ಸಾಕು, ರವಿಕೆ ಮಾತ್ರ ಆರು ಇರಲಿ. ಒದ್ದೆಯಾಗುವುದು ರವಿಕೆ, ಸೀರೆಯಲ್ಲ. ಕಾರಿನಲ್ಲಿ ಹೊತ್ತುಗಟ್ಟಲೆ ಕೂರುವಾಗ ಸೊಂಟದ ಲಾಡಿ ಒತ್ತುವುದೇ ವಯಸ್ಸಾದವರಿಗೆ ದೊಡ್ಡ ಕಷ್ಟ. ಅಗಲ ಪಟ್ಟಿಯ ಲಂಗ ಇದ್ದರೆ ಅದನ್ನೇ ತನ್ನಿ. ನಾಲ್ಕನೆಯ ಸೀರೆಯನ್ನು ಇಲ್ಲೇ ಕೊಳ್ಳಲಿ. ಇಲ್ಲಿನ ನೇಕಾರ ಸಮುದಾಯದ ಶಾಲಿಯರು ಕೈಮಗ್ಗದಲ್ಲಿ ನೇಯುವ ಕಾಸರಗೋಡು ಸೀರೆ ಹತ್ತಿಯದ್ದು, ಜಿ.ಐ. (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ನೇಯುವವರು ಈಗ ತುಂಬಾ ಕಡಿಮೆಯಾಗಿದ್ದಾರೆ. ಒಂದು ಕೊಂಡರೆ ಅವರಿಗೂ ಆಯಿತು, ಸೆಕೆಗೆ ಹೊಂದುವ ಸೀರೆಯೂ ಸಿಕ್ಕಿತು.

ಮಗಳಿಗೆ ಲೆಕ್ಕ ಹಾಕಬೇಡಿ, ಎರಡು ಜೊತೆ ಜಾಸ್ತಿಯೇ ಇರಲಿ. ಭಾಗಮಂಡಲದಿಂದ ಕರಿಕೆ, ಪಾಣತ್ತೂರು ದಾರಿ ಕಾಡಿನ ನಡುವೆ ಸುತ್ತಿ ಸುತ್ತಿ ಇಳಿಯುತ್ತದೆ. ಮಕ್ಕಳಿಗೆ ಅಲ್ಲಿ ವಾಂತಿ ಆಗುವುದುಂಟು. ಒಂದು ಜೊತೆ ಬಟ್ಟೆ ಡಿಕ್ಕಿಯಲ್ಲಲ್ಲ, ಸೀಟಿನ ಕೆಳಗೇ ಇರಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಎರಡು ವಸ್ತು: ಮುಂಡು ಮತ್ತು ಬೈರಾಸು. ಮುಂಡು ಅಂದರೆ ನಿಮ್ಮಲ್ಲಿ ಪಂಚೆ. ಬಿಳಿಯದ್ದು ಒಂದು, ಬಣ್ಣದ ಲುಂಗಿ ಒಂದು ಇಟ್ಟುಕೊಳ್ಳಿ. ನಮ್ಮ ಕಡೆ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದೇ ಒಳಗೆ ಹೋಗುವುದು ರೂಢಿ. ಪಂಚೆ ಉಟ್ಟು ಶಾಲು ಹಾಕಿದರೆ ಎಲ್ಲಿಯೂ ಬಾಗಿಲಲ್ಲಿ ನಿಂತು ಯೋಚಿಸಬೇಕಾಗಿಲ್ಲ. ರಾತ್ರಿ ಮಲಗಲು ಲುಂಗಿ. ಬೇಕಲದ ಕಡಲಿಗೆ ಇಳಿದು ಬಂದ ಮೇಲೆ ಬಟ್ಟೆ ಬದಲಾಯಿಸಲು ಅದೇ ಮರೆ. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದರೆ ಹಾಸಲೂ ಅದೇ.

ಬೈರಾಸು ಅಂದರೆ ತೆಳು ನೆಯ್ಗೆಯ ಹತ್ತಿ ಟವೆಲ್. ಕಾಸರಗೋಡು ಪೇಟೆಯಲ್ಲಿ ತೋರ್ತು ಅಂತ ಕೇಳಿದರೂ ಕೊಡುತ್ತಾರೆ. ದಪ್ಪ ಟರ್ಕಿ ಟವೆಲ್ ಮನೆಯಲ್ಲೇ ಬಿಟ್ಟು ಬನ್ನಿ, ಒಬ್ಬೊಬ್ಬರಿಗೆ ಎರಡೆರಡು ಬೈರಾಸು ತನ್ನಿ. ಒಣಗಿದ ಬೈರಾಸಿನಿಂದ ಒದ್ದೆ ಬಟ್ಟೆಯನ್ನೂ ಒಣಗಿಸಬಹುದು. ರಾತ್ರಿ ಸ್ನಾನದ ಹೊತ್ತಿಗೇ ಬನಿಯನ್, ರವಿಕೆ, ಒಳಉಡುಪು ಒಗೆದು ಚೆನ್ನಾಗಿ ಹಿಂಡಿ. ಮಂಚದ ಮೇಲೆ ಬೈರಾಸು ಹಾಸಿ, ಅದರ ಮೇಲೆ ಬನಿಯನ್ ಚಪ್ಪಟೆಯಾಗಿ ಹರಡಿ. ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿ. ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು ಇನ್ನೊಂದು ತುದಿ ನೀವು ಹಿಡಿದು ತಿರುಚಿ. ಉಳಿದ ನೀರೆಲ್ಲ ಬೈರಾಸಿಗೆ ಇಳಿಯುತ್ತದೆ. ಬಿಚ್ಚಿ, ಕೊಡವಿ, ಫ್ಯಾನಿನ ಕೆಳಗೆ ಹ್ಯಾಂಗರಿಗೆ ಹಾಕಿದರೆ ಬೆಳಗ್ಗೆ ಹಾಕಿಕೊಳ್ಳಬಹುದು. ಒಂದು ನೈಲಾನ್ ಹಗ್ಗ, ಹತ್ತು ಕ್ಲಿಪ್, ಒಂದು ಬಾರ್ ಸೋಪು ತರುವುದನ್ನು ಮರೆಯಬೇಡಿ.

ಕಡಲಲ್ಲಿ ನೆನೆದ ಬಟ್ಟೆಯನ್ನು ಮಾತ್ರ ಸಿಹಿ ನೀರಿನಲ್ಲಿ ಜಾಲಾಡದೆ ಒಣಗಲು ಹಾಕಬೇಡಿ. ಉಪ್ಪು ಗಾಳಿಯ ತೇವ ಎಳೆಯುತ್ತದೆ, ಎಷ್ಟು ಹೊತ್ತು ಬಿಟ್ಟರೂ ಅಂಟು ಅಂಟಾಗಿಯೇ ಇರುತ್ತದೆ. ಅರೆ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಿಕ್ಕಿಗೆ ಹಾಕಿದರೆ ಮುಗ್ಗು ವಾಸನೆ, ಆಮೇಲೆ ಕರಿಚುಕ್ಕಿ. ಕೊಳೆ ಬಟ್ಟೆಗೆ ಬಟ್ಟೆಯ ಚೀಲವೇ ಇರಲಿ.

ಬಣ್ಣದ ವಿಷಯಕ್ಕೆ ಬರೋಣ. ಬಿಸಿಲಿಗೆ ಬಿಳಿ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ದೇವಸ್ಥಾನದ ಪಂಚೆ ಬಿಟ್ಟರೆ ಇಲ್ಲಿಗೆ ಅಚ್ಚ ಬಿಳಿ ಬೇಡ. ಬೇಕಲ ಕೋಟೆ, ಅನಂತಪುರದ ಪದವು (ಎತ್ತರದ ಬಯಲು), ಎಲ್ಲ ಕಡೆ ಕೆಂಪು ಬಣ್ಣ ಬಿಡುವ ಮುರಕಲ್ಲು. ಒರಗಿ ಕೂತು ಎದ್ದರೆ ಬೆನ್ನೆಲ್ಲ ಕೆಂಪು. ಮೇಲಾಗಿ ನೀವು ಬರುವುದು ಗೇರುಹಣ್ಣಿನ ಕಾಲದಲ್ಲಿ. ಆ ರಸದ ಕಲೆ ಏನು ಮಾಡಿದರೂ ಹೋಗುವುದಿಲ್ಲ. ಹಲಸಿನ ಮೇಣವಾದರೆ ತೆಂಗಿನೆಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು ಹಾಕಿದರೆ ಬಿಡುತ್ತದೆ. ತಿಳಿ ಹಸಿರು, ತಿಳಿ ನೀಲಿ, ಕಾವಿ ಬಣ್ಣ, ಸಣ್ಣ ಹೂವಿನ ಪ್ರಿಂಟ್ ತನ್ನಿ. ಮಗಳು ಗೇರುಹಣ್ಣು ತಿನ್ನದೆ ವಾಪಸ್ ಹೋಗಬಾರದು, ಅದಕ್ಕೆ ಒಂದು ಹಳೆಯ ಫ್ರಾಕ್ ಇರಲಿ.

ಬೇಕಲ ಕೋಟೆ ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು, ಹರವು ಸುಮಾರು 40 ಎಕರೆ. ಒಳಗೆ ನೆರಳು ಬಹಳ ಕಡಿಮೆ. ಬೆಳಗ್ಗೆ ಬೇಗ ಹೋಗಿ, ಇಲ್ಲವೇ ನಾಲ್ಕರ ಮೇಲೆ. ಟೋಪಿಗಿಂತ ಕೊಡೆ ವಾಸಿ. ಈ ಕಾಲದಲ್ಲಿ ಸಂಜೆ ಗುಡುಗು ಮಳೆಯೂ ಬರುತ್ತದೆ, ಕೊಡೆ ಎರಡಕ್ಕೂ ಆಗುತ್ತದೆ. ರೇನ್‌ಕೋಟ್ ಬೇಡ, ಒಳಗೆ ಬೆವರಿಯೇ ನೆನೆಯುತ್ತೀರಿ. ರಾಣಿಪುರದ ತುದಿಯಲ್ಲೂ ಬರೀ ಹುಲ್ಲುಗುಡ್ಡ, ತುಂಬು ತೋಳು ಮತ್ತು ಹಿಡಿತ ಇರುವ ಶೂ ಬೇಕು. ಉಳಿದ ಕಡೆಗೆಲ್ಲ ಚಪ್ಪಲಿ ಸಾಕು.

ಮಡಿಕೇರಿಗೆ ಸ್ವೆಟರ್ ಬೇಕಾ ಅಂತಲೂ ಕೇಳಿದ್ದೀರಿ. ಹಗಲು ಬೇಡ. ರಾತ್ರಿ 20ಕ್ಕಿಂತ ಕೆಳಗೆ ಇಳಿಯುತ್ತದೆ, ತಲಕಾವೇರಿ 1276 ಮೀಟರ್ ಎತ್ತರದಲ್ಲಿದೆ, ಗಾಳಿ ಜೋರು. ಅತ್ತೆಗೂ ಮಗಳಿಗೂ ಒಂದೊಂದು ತೆಳು ಸ್ವೆಟರ್ ಇರಲಿ. ನಿಮಗಿಬ್ಬರಿಗೆ ಬನಿಯನ್ ಮೇಲೆ ಅಂಗಿ, ಕುರ್ತಾದ ಮೇಲೆ ಶಾಲು ಹಾಕಿಕೊಂಡರೆ ಸಾಕು.

ಆ ಸ್ವೆಟರನ್ನು ಘಟ್ಟ ಇಳಿದ ಮೇಲೆ ಚೀಲದ ತಳಕ್ಕೆ ಹಾಕಿಬಿಡಬೇಡಿ. ಇವೆಲ್ಲ ನಿಲ್ಲುವ ದಿನವಾದ ಪತ್ತನಾಜೆ ಬರುವವರೆಗೆ, ಅಂದರೆ ಮೇ ಕೊನೆಯ ವಾರದ ತನಕ, ನಮ್ಮಲ್ಲಿ ದೈವಗಳ ಕೋಲ, ತೆಯ್ಯಂ, ಯಕ್ಷಗಾನ ಬಯಲಾಟ (ನಮ್ಮ ಬಾಯಲ್ಲಿ ಬರೀ ಆಟ) ಇರುತ್ತವೆ. ಬಂದವರು ಒಂದು ರಾತ್ರಿಯಾದರೂ ನೋಡಲೇಬೇಕು ಅಂತ ನನ್ನ ಆಸೆ. ಬಯಲಿನಲ್ಲಿ ಕೂರುವುದು, ಸೆಕೆಯ ಊರಾದರೂ ಬೆಳಗಿನ ಜಾವಕ್ಕೆ ವಯಸ್ಸಾದವರಿಗೆ ಸ್ವಲ್ಪ ತಂಪು ಅನ್ನಿಸಬಹುದು, ಸೊಳ್ಳೆಯೂ ಇದೆ. ಕಾಲು ಮುಚ್ಚುವ ಪ್ಯಾಂಟ್, ತುಂಬು ತೋಳು, ಅತ್ತೆಗೆ ಆ ಸ್ವೆಟರ್, ಹಾಸಲು ಲುಂಗಿ. ಗದ್ದೆಯಲ್ಲಿ ಕೂತು ಆಟ ನೋಡಲು ಅಷ್ಟು ಸಾಕು.

  

ಚೀಲ ಕಟ್ಟುವಾಗ ತಲೆಗೊಂದು ಸೂಟ್‌ಕೇಸ್ ಮಾಡಬೇಡಿ. ಮಡಿಕೇರಿಯ ಎರಡು ರಾತ್ರಿಗೆ ನಾಲ್ವರದ್ದೂ ಸೇರಿಸಿ ಒಂದು ಮೆತ್ತನೆ ಬ್ಯಾಗ್, ಕಾಸರಗೋಡಿಗೆ ಇನ್ನೊಂದು. ಒಂದು ಕಡೆ ಇಳಿಯುವಾಗ ಒಂದೇ ಬ್ಯಾಗ್ ಹೊತ್ತರಾಯಿತು. ಮೆತ್ತನೆ ಬ್ಯಾಗ್ ಆದರೆ ಸಣ್ಣ ಡಿಕ್ಕಿಯಲ್ಲೂ ಮೂಲೆಗೆ ತುರುಕಬಹುದು. ಸುಳ್ಯದ ದಾರಿಯಲ್ಲಿ ವಾಪಸ್ ಹೊರಡುವ ದಿನಕ್ಕೆ ಅಂತ ಪ್ರತಿಯೊಬ್ಬರದ್ದೂ ಒಂದು ಒಣ ಜೊತೆ ಬೇರೆ ಇಟ್ಟುಬಿಡಿ, ಏನೇ ಆದರೂ ಅದನ್ನು ಮುಟ್ಟಬೇಡಿ.

ಯಾವ ತಾರೀಕಿಗೆ ಬದಿಯಡ್ಕ, ಮಧೂರು ಕಡೆ ಇರುತ್ತೀರಿ ಅಂತ ಬರೆಯಿರಿ. ಆ ದಿನ ಹತ್ತಿರದಲ್ಲಿ ಎಲ್ಲಿ ಆಟ ಇದೆ, ಎಲ್ಲಿ ಕೋಲ ಇದೆ ಅಂತ ವಿಚಾರಿಸಿ ಹೇಳುತ್ತೇನೆ.