ಪಟ್ಟೆ ಇದ್ದದ್ದೆಲ್ಲ ಅಂಜಲ್ ಅಲ್ಲ

ಪ್ರಶ್ನೆ: ಅಂಜಲ್ ಎಂದು ಹೇಳಿ ಬೇರೆ ಮೀನು ಕೊಡುತ್ತಾರಂತೆ. ಮಾರ್ಕೆಟಿನಲ್ಲಿ ನಿಂತಲ್ಲೇ ಗುರುತು ಹಿಡಿಯಬಹುದೆ?
– ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ಖಂಡಿತ ಹಿಡಿಯಬಹುದು. ಆದರೆ ತುಂಡು ಮಾಡಿಸುವ ಮೊದಲೇ ನೋಡಿ. ಪಟ್ಟೆ ನೋಡಿ ನಂಬುವುದೇ ಎಲ್ಲರೂ ಮಾಡುವ ತಪ್ಪು. ವಾಹೂ ಮೀನಿಗೂ ಅಂಥದೇ ಪಟ್ಟೆ ಇದೆ. ಎಳೆಯ ಅಂಜಲಿಗೆ ಎಷ್ಟೋ ಸಲ ಪಟ್ಟೆಯ ಬದಲು ಚುಕ್ಕೆ ಇರುತ್ತದೆ.

ನೋಡಬೇಕಾದ್ದು ಪಾರ್ಶ್ವರೇಖೆಯನ್ನು. ಕಿವಿರಿನ ಹಿಂದಿನಿಂದ ಬಾಲದವರೆಗೆ ಓಡುವ ಈ ಸಣ್ಣ ಗೆರೆಯಿಂದಲೇ ಮೀನು ನೀರಿನ ಅಲುಗಾಟ ತಿಳಿಯುವುದು. ಲೋಳೆ ಒರೆಸಿ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಅಂಜಲಿನಲ್ಲಿ ಅದು ಬೆನ್ನಿನ ಪಕ್ಕದಲ್ಲೇ ಸಾಗಿ, ಎರಡನೇ ಬೆನ್ನುರೆಕ್ಕೆ ಮುಗಿಯುವಲ್ಲಿ ಮೆಟ್ಟಿಲಿಳಿದ ಹಾಗೆ ತಟ್ಟನೆ ಕೆಳಗಿಳಿಯುತ್ತದೆ. ವಾಹೂವಿನಲ್ಲಿ ಮೊದಲ ಬೆನ್ನುರೆಕ್ಕೆಯಡಿಯಲ್ಲೇ ಇಳಿದಿರುತ್ತದೆ. ಚುಕ್ಕೆ ಅಂಜಲ್ ಎಂಬ ಬೇರೆಯೇ ಜಾತಿಯಲ್ಲಿ ಎಲ್ಲೂ ಕುಸಿಯದೆ ಮೆಲ್ಲಗೆ ಬಾಗುತ್ತದೆ; ಮುಂಭಾಗದಲ್ಲಿ ನೂಲಿನಂಥ ಕವಲುಗಳೂ ಇರುತ್ತವೆ.

ಇನ್ನೂ ಸಂಶಯವಿದ್ದರೆ ಮುಳ್ಳು ಎಣಿಸಿ. ಮೊದಲ ಬೆನ್ನುರೆಕ್ಕೆ ಬೆನ್ನಿನ ಸೀಳಿನೊಳಗೆ ಮಡಚಿ ಕೂತಿರುತ್ತದೆ, ಉಗುರಿನಿಂದ ಎಬ್ಬಿಸಬೇಕು. ಅಂಜಲಿಗೆ 15ರಿಂದ 18 ಮುಳ್ಳು, ವಾಹೂವಿಗೆ 23ರಿಂದ 27. ವಾಹೂವಿನ ಮೂತಿಯೂ ಉಳಿದ ತಲೆಯಷ್ಟೇ ಉದ್ದ. ಬರಾಕುಡಾ ಆದರೆ ಎರಡು ಬೆನ್ನುರೆಕ್ಕೆಗಳ ನಡುವೆ ದೊಡ್ಡ ಅಂತರ, ಬಾಲದ ಬುಡದಲ್ಲಿ ಕಿರುರೆಕ್ಕೆಗಳ ಸಾಲೇ ಇಲ್ಲ. ತಲೆ, ಬಾಲ ಹೋದಮೇಲೆ ನಡುವಿನ ಒಂದು ತುಂಡು ತೋರಿಸಿ ಕೇಳಿದರೆ ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ವಾಹೂ ತಿನ್ನಲು ಒಳ್ಳೆಯ ಮೀನೇ, ಅಂಜಲಿನ ದರ ಕೊಡಬೇಡಿ ಅಷ್ಟೆ.

ಪ್ರಶ್ನೆ: ನಂಗ್ ಎಂಬ ಚಪ್ಪಟೆ ಮೀನಿಗೆ ಎರಡೂ ಕಣ್ಣು ಒಂದೇ ಬದಿಗೆ ಬಂದದ್ದು ಹೇಗೆ?
– ವಿದ್ಯಾರ್ಥಿನಿ, ಬೋಳಾರ

ಉತ್ತರ: ಹುಟ್ಟುವಾಗ ಹಾಗಿರುವುದಿಲ್ಲ. ಮರಿ ಬಂಗುಡೆ ಮರಿಯಂತೆಯೇ ನೆಟ್ಟಗೆ ಈಜುತ್ತದೆ, ಬದಿಗೊಂದು ಕಣ್ಣು. ಬೆಳೆಯುತ್ತ ತಲೆಬುರುಡೆ ತಿರುಚಿಕೊಂಡು ಬಲಗಣ್ಣು ಎಡಕ್ಕೆ ಸರಿಯುತ್ತದೆ. ಆಮೇಲೆ ಆ ಕುರುಡು ಬಲಬದಿಯನ್ನು ತಳಕ್ಕೆ ಒತ್ತಿ ಮಲಗುತ್ತದೆ. ಗೊದಮೊಟ್ಟೆಯನ್ನು ಕಪ್ಪೆ ಮಾಡುವ ಥೈರಾಯ್ಡ್ ಹಾರ್ಮೋನೇ ಚಪ್ಪಟೆ ಮೀನುಗಳಲ್ಲಿ ಈ ಬದಲಾವಣೆಯನ್ನೂ ನಡೆಸುವುದು! ಮನೆಯಲ್ಲೇ ನೋಡಿ: ಕಣ್ಣಿರುವ ಬದಿ ಮೇಲೆ, ಹೊಟ್ಟೆ ನಿಮ್ಮ ಕಡೆಗೆ ಇಟ್ಟರೆ ನಂಗಿನ ತಲೆ ನಿಮ್ಮ ಎಡಕ್ಕೆ ಬರುತ್ತದೆ. ಕಣ್ಣುಗಳು ಬಲಕ್ಕೆ ಸರಿಯುವ ಬೇರೆ ಚಪ್ಪಟೆ ಮೀನುಗಳೂ ಇವೆ, ಅವುಗಳ ತಲೆ ಬಲಕ್ಕೆ.

ಪ್ರಶ್ನೆ: ಡೆಂಜಿಯಲ್ಲಿ (ಏಡಿಯಲ್ಲಿ) ಹೆಣ್ಣು ಯಾವುದು?
– ಓದುಗರು, ಮಲ್ಪೆ

ಉತ್ತರ: ಮಗುಚಿ ಹೊಟ್ಟೆಯಡಿಯ ಮಡಿಕೆ ನೋಡಿ. ಗಂಡಿನದು ಕಿರಿದು, ತುದಿ ಚೂಪು. ಬಲಿತ ಹೆಣ್ಣಿನದು ಅಗಲ, ದುಂಡು. ಅದರಡಿ ಮೊಟ್ಟೆಯ ಗೊಂಚಲು ಮೊದಲು ಹಳದಿ-ಕಿತ್ತಳೆ. ಕಪ್ಪಗಾಗಿದ್ದರೆ ಮರಿ ಹೊರಬರುವ ಹೊತ್ತು ಹತ್ತಿರವಾಯಿತು. ಅಂಥದ್ದು ಬಲೆಯಲ್ಲಿ ಜೀವಂತ ಸಿಕ್ಕರೆ ದಯವಿಟ್ಟು ಕಡಲಿಗೇ ಬಿಡಿ.