ಮನೆಯಲ್ಲಿ ಯಾರಿಗೂ ಇಲ್ಲದ ಸ್ಟಾರ್‌ಗಾರ್ಟ್ ತಂಗಿಗೆ ಹೇಗೆ ಬಂತು? ವಿಟಮಿನ್ ಎ ಮಾತ್ರೆ ಕೊಡಬಹುದಾ?

ನಾನು ಶಿರಸಿಯವನು, ಅಡಿಕೆ ವ್ಯಾಪಾರ. ನನಗೂ ಇದೇ ಕಾಯಿಲೆ. ಸ್ಟಾರ್‌ಗಾರ್ಟ್ ಅಂದರೆ ಹೆತ್ತವರಿಂದ ಬರುವ ಕಣ್ಣಿನ ಕಾಯಿಲೆ, ಕಣ್ಣೊಳಗೆ ಬೆಳಕು ಹಿಡಿಯುವ ರೆಟಿನಾ ಎಂಬ ಪರದೆಯ ನಡುಭಾಗ ಕೆಡುತ್ತದೆ.

ಮೊದಲು ಮಾತ್ರೆಯ ವಿಷಯ. ಕಣ್ಣಿಗೆ ಒಳ್ಳೆಯದು ಅಂತ ಯಾರೇ ಹೇಳಲಿ, ವಿಟಮಿನ್ ಎ ಮಾತ್ರೆ ಕೊಡಬೇಡಿ. ನಮ್ಮಂಥವರಲ್ಲಿ ಸಾಮಾನ್ಯವಾಗಿ ಎಬಿಸಿಎ4 ಎಂಬ ಜೀನ್ ಕೆಟ್ಟಿರುತ್ತದೆ. ಕಣ್ಣು ಬೆಳಕು ಹಿಡಿಯಲು ವಿಟಮಿನ್ ಎ ಬಳಸುತ್ತದಲ್ಲ, ಅದರ ಉಳಿಕೆಯನ್ನು ಸಾಗಿಸುವ ಕೆಲಸ ಈ ಜೀನ್‌ನದ್ದು. ಸಾಗದೆ ಉಳಿದದ್ದು ರೆಟಿನಾದ ಹಿಂದಿನ ಪದರದಲ್ಲಿ ಕಸವಾಗಿ ಕೂಡುತ್ತದೆ. ನಡುಭಾಗದ ಜೀವಕೋಶಗಳು ನಿಧಾನಕ್ಕೆ ಸಾಯುತ್ತವೆ. ಮಾತ್ರೆ ನುಂಗಿದರೆ ಆ ಕಸ ಇನ್ನೂ ಜಾಸ್ತಿಯಾಗಬಹುದು. ಊಟದ ಸೊಪ್ಪು, ಕ್ಯಾರೆಟ್‌ಗೆ ಹೆದರಬೇಕಾಗಿಲ್ಲ. ಬಿಸಿಲಿಗೆ ಹೋಗುವಾಗ ಟೊಪ್ಪಿ, ತಂಪು ಕನ್ನಡಕ ಇರಲಿ.

ಇನ್ನು, ಯಾರಿಗೂ ಇಲ್ಲದ್ದು ಹೇಗೆ ಬಂತು? ಹೆಚ್ಚಾಗಿ ಹೀಗೇ ಬರುತ್ತದೆ. ಅಪ್ಪನಲ್ಲೂ ಅಮ್ಮನಲ್ಲೂ ಆ ಜೀನ್‌ನ ಒಂದೊಂದು ಪ್ರತಿ ಕೆಟ್ಟಿರುತ್ತದೆ, ಇನ್ನೊಂದು ಸರಿಯಿರುವುದರಿಂದ ಅವರ ಕಣ್ಣು ಚೆನ್ನಾಗಿರುತ್ತದೆ. ಕೆಟ್ಟ ಎರಡೂ ಒಂದೇ ಮಗುವಿಗೆ ಬಂದರೆ ಕಾಯಿಲೆ. ಪ್ರತಿ ಮಗುವಿಗೂ ಆ ಸಾಧ್ಯತೆ ಶೇ 25. ಹಾಗಾಗಿ ಅಮ್ಮನನ್ನೋ ಗ್ರಹಚಾರವನ್ನೋ ಬೈಯುವುದು ಬೇಡ. ನಿಮ್ಮ ಕಣ್ಣು ಸರಿಯಿದ್ದರೂ ನೀವು ಆ ಜೀನ್‌ನ ಒಂದು ಕೆಟ್ಟ ಪ್ರತಿ ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ಸೋದರಸಂಬಂಧದಲ್ಲಿ ಮದುವೆಯ ಮಾತು ಬಂದರೆ ಮೊದಲು ಜೀನ್ ಪರೀಕ್ಷೆ ಮಾಡಿಸಿ.

ಪೂರ್ತಿ ಕುರುಡಾಗುತ್ತಾಳಾ ಅಂತಲೂ ಕೇಳಿದ್ದೀರಿ. ಸಾಮಾನ್ಯವಾಗಿ ಇಲ್ಲ. ನಡುವಿನ ನೋಟ ಹೋಗುತ್ತದೆ, ಸುತ್ತಲಿನದು ಬಹುಪಾಲು ಉಳಿಯುತ್ತದೆ. ಇದೇ ಜನರಿಗೆ ಅರ್ಥವಾಗದ್ದು. ಬಸ್ ಸ್ಟ್ಯಾಂಡಿನಲ್ಲಿ ಬಸ್ ಬಂದದ್ದು ನನಗೆ ಕಾಣುತ್ತದೆ, ಅದು ಕುಮಟಾದ್ದೋ ಹುಬ್ಬಳ್ಳಿಯದ್ದೋ ಕೇಳಬೇಕು. ಯಕ್ಷಗಾನದ ಆಟಕ್ಕೆ ಹೋದರೆ ಕುಣಿತ ಕಾಣುತ್ತದೆ, ವೇಷದವರ ಮುಖದ ಬಣ್ಣ ಕಾಣದು. ಎದುರಿಗೆ ಸಿಕ್ಕ ನೆಂಟರನ್ನು ಮಾತಾಡಿಸದಿದ್ದರೆ ಸೊಕ್ಕು ಅಂತಾರೆ. ಕೆಳಗೆ ಬಿದ್ದ ಅಡಿಕೆ ಹೆಕ್ಕಿದ್ದು ನೋಡಿದವರು ಸುಮ್ನೆ ನಾಟಕ ಅಂತಾರೆ! ತಂಗಿ ಓರೆಗಣ್ಣಿನಲ್ಲಿ ನೋಡಿದರೆ ಗದರಬೇಡಿ, ಉಳಿದ ರೆಟಿನಾವನ್ನು ಬಳಸುವ ರೀತಿ ಅದು.

ಕಾಯಿಲೆ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಜೀನ್ ಚಿಕಿತ್ಸೆಯ ಸುದ್ದಿ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ಅದು ಆರ್‌ಪಿಇ65 ಎಂಬ ಬೇರೆ ಜೀನ್‌ನ ತೊಂದರೆಗೆ. ದುಡ್ಡು ಕೊಟ್ಟರೆ ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ.

ಈಗ ಶಾಲೆ ಮುಖ್ಯ ಅಲ್ವಾ? ಬೋರ್ಡಿನ ಫೋಟೊ ತೆಗೆದು ದೊಡ್ಡದು ಮಾಡಿ ಓದಲು ಬಿಡಿ ಅಂತ ಮೇಷ್ಟ್ರಿಗೆ ಹೇಳಿ. ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಎಸ್ಸೆಸ್ಸೆಲ್ಸಿಗೆ ಬರುವ ಮೊದಲೇ ಅರ್ಜಿ ಹಾಕಿ.